ಎದೆ ಮಾತ್ರೆ, ಇಕ್ಕಟ್ಟು ಕಾಲರು

ಎಪ್ಪತ್ತರ ದಶಕದಲ್ಲಿ ನಾನು ಕೊಳ್ಳೇಗಾಲದ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದೆ. ರೋಗ ವಾಸಿಯಾಗುತ್ತಿತ್ತೋ ಇಲ್ಲವೋ, ನಗುವುದಕ್ಕಂತೂ ದಿನಾ ಏನಾದರೊಂದು ಸಿಗುತ್ತಿತ್ತು. ಡಾಕ್ಟರ ಮುಂದೆ ನಗುವಂತಿರಲಿಲ್ಲ, ಅದೊಂದೇ ಕಷ್ಟ.

೧. ಎರಡು ಗುಂಡಿ

ನಮ್ಮ ಡಾಕ್ಟರಿಗೆ ಮನುಷ್ಯನ ಮೈಯಲ್ಲಿ ಎದೆಯೊಂದೇ ಕಾಣುತ್ತಿದ್ದುದು. ಷರಟಿನ ನಡುವಿನ ಎರಡು ಗುಂಡಿ ಬಿಚ್ಚಿಸಿ ಸ್ಟೆತಾಸ್ಕೋಪು ತೂರಿಸಿದರೆ ಪರೀಕ್ಷೆ ಮುಗಿಯಿತು. ಯಳಂದೂರಿನ ರೈತನೊಬ್ಬ ಕುಂಟುತ್ತಾ ಬಂದ. ಅವನಿಗೂ ಎರಡು ಗುಂಡಿ.

"ಸಾ, ಮುಳ್ಳು ಚುಚ್ಚಿರದು ಕಾಲ್ಗೆ!"

"ಎದೆಗೆ ಏರಿದ್ದರೆ?"

"ಯಳಂದೂರಿಂದ ಇಲ್ಗಂಟ ಏರ್ದೆ ಇದ್ದದ್ದು ನಿಮ್ಮ ನೋಡ್ತಿದ್ದಂಗೇ ಏರ್ಬುಡ್ತದಾ ಸಾ?"

೨. ಒಂದು, ಎರಡು, ಮೂರು

ರೇಷ್ಮೆ ಸೀರೆ ನೇಯುವವನೊಬ್ಬ ಬಂದ. ಎದೆ ಡವಡವ, ಕೈ ನಡುಕ, ಮಗ್ಗದಲ್ಲಿ ಎಳೆ ಕಡಿಯುತ್ತಿತ್ತು.

"ಇನ್ನೊಂದ್ ಸೀರೆ ಕೆಟ್ರೆ ಅಣ್ಣ ಮಗ್ಗದಿಂದ ಎಬ್ಬಿಸ್ಬುಡ್ತಾನೆ ಸಾ. ನೇಯದ್ ಬುಟ್ರೆ ನಂಗೇನೂ ಬರಕಿಲ್ಲ."

ಎದೆ ತಾಳ ತಪ್ಪಿದೆ ಅಂತ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು. ಮುಂದಿನ ತಿಂಗಳು ಎರಡು, ಆಮೇಲೆ ಮೂರು. ಡಾಕ್ಟರ ಮೇಲಿನ ಗೌರವಕ್ಕೆ ಅವನು ಪ್ರತಿ ಸಲವೂ ಜರಿಯಂಚಿನ ವಲ್ಲಿಯನ್ನು ಕತ್ತಿಗೆ ಸುತ್ತಿಕೊಂಡೇ ಬರುತ್ತಿದ್ದ. ಡಾಕ್ಟರು ಜರಿ ನೋಡಿದರು, ಕತ್ತು ನೋಡಲಿಲ್ಲ. ಮಾತ್ರೆ ಕಟ್ಟಿಕೊಡುತ್ತಿದ್ದ ನಾನೂ ನೋಡಲಿಲ್ಲ. ಅದು ಇವತ್ತಿಗೂ ನನಗೆ ನಾಚಿಕೆ.

"ಮೂರೊತ್ತೂ ಉಣ್ತೀನಿ ಸಾ, ಆದ್ರೂ ಸೊರಗೋಯ್ತಾವ್ನಿ."

"ನೋಡು, ಮಾತ್ರೆ ಹಿಡೀತಾ ಇದೆ!" ಅಂದರು ಡಾಕ್ಟರು.

೩. ಟೇಪು

ಆ ನೇಕಾರ ತಂಗಿಯ ಮದುವೆಗೆ ಷರಟು ಹೊಲಿಸಲು ಹೋದ. ಟೈಲರು ವಲ್ಲಿ ತೆಗೆಸಿ ಟೇಪು ಹಿಡಿದು, ಹಳೆಯ ಅಳತೆ ಪುಸ್ತಕ ನೋಡಿ ಬೆಚ್ಚಿದ.

"ಲೇ, ಎದೆ ಮೂರಿಂಚು ಇಳ್ದದೆ, ಕತ್ತು ಒಂದೂವರೆ ಇಂಚು ಏರ್ಯದೆ ಕಣ್ಲಾ! ಷರಟು ಆಮೇಲಾಗ್ಲಿ, ಮೈಸೂರ್ಗೆ ಓಗು."

ಮೈಸೂರಿನ ದೊಡ್ಡ ಡಾಕ್ಟರು ಕತ್ತು ಮುಟ್ಟಿದರು. ಅಲ್ಲಿನ ಥೈರಾಯ್ಡ್ ಗ್ರಂಥಿ ಊದಿ ಎದೆಯನ್ನು ಓಡಿಸುತ್ತಿದೆ ಅಂದರು. ಔಷಧಿ ಬದಲಾಯಿತು. ಕೆಲವು ತಿಂಗಳಲ್ಲಿ ಕೈ ನಡುಕ ನಿಂತಿತು, ಮಗ್ಗವೂ ಉಳಿಯಿತು. ಕಾಯಿಲೆ ಕಂಡುಹಿಡಿದವನ ಗೋಡೆ ಮೇಲೆ ಪದವಿಯ ಫೋಟೋ ಇರಲಿಲ್ಲ, ಕತ್ತರಿ ನೇತಾಡುತ್ತಿತ್ತು.

೪. ಕಾಣಿಕೆ

ಅವನು ತಾನೇ ನೇಯ್ದ ರೇಷ್ಮೆ ವಲ್ಲಿಯನ್ನು ಟೈಲರಿಗೆ ಹೊದಿಸಿದ ಸುದ್ದಿ ನಮ್ಮಲ್ಲಿಗೂ ಬಂತು. ಮಾರನೆಯ ದಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತ. ಡಾಕ್ಟರು ಹೆಗಲು ಸರಿಮಾಡಿಕೊಂಡು, "ನನಗೆ ಮೊದಲೇ ಅನುಮಾನ ಇತ್ತಪ್ಪ," ಅಂದರು.

ಪೊಟ್ಟಣದಲ್ಲಿದ್ದುದು ಅವನ ಹಳೆಯ ಷರಟು.

"ಇದ್ರ ಕಾಲರ್ ಗುಂಡಿ ಆಕಕ್ಕಾಗ್ದೆ ಒದ್ದಾಡ್ತಿದ್ದೆ ಸಾ. ನೀವೇ ಮಡೀಕಳಿ. ಎದೆ ಬಡ್ಕತದೆ ಅಂತ ಯಾರೇ ಬರ್ಲಿ, ಮೊದ್ಲು ಇದ ತೊಡ್ಸಿ. ಮ್ಯಾಲಿನ್ ಗುಂಡಿ ಆಕಕ್ಕಾದ್ರೆ ಮಾತ್ರ ನಿಮ್ ಮಾತ್ರೆ ಕೊಡಿ."

ಅವತ್ತು ನಾನು ಡಾಕ್ಟರ ಮುಂದೆಯೇ ನಕ್ಕುಬಿಟ್ಟೆ.