ಮೇಷ್ಟ್ರು ಎಣ್ಣೆ ಹಾಕಿದ್ದು

ಡ್ರಾಯಿಂಗ್ ಮೇಷ್ಟ್ರು ಸೊಂಟಕ್ಕೆ ಟವೆಲು ಬಿಗಿದು ಹೆಂಡತಿಯ ಮುಂದೆ ಘೋಷಿಸಿಯೇ ಬಿಟ್ಟರು: “ಇವತ್ತು ನಿನ್ನ ನರ್ಸರಿ ಪೂರ್ತಿ ನಂದು. ನೀನು ಆರಾಮಾಗಿ ಹೋಗ್ಬಾ!”

ಹಿತ್ತಲಿನಲ್ಲಿ ಟೊಮೆಟೊ ಸಸಿ ಬೆಳೆಸಿ ಮಾರುವ ಆಕೆಗೆ ಎದೆ ಧಸಕ್ಕೆಂದಿತು. ಬೆಳಗಾದರೆ ರೈತರು ಬರುವವರಿದ್ದರು. ಪ್ರತಿ ಸಸಿಯ ಬೇರನ್ನೂ ಒಳ್ಳೆಯ ಬ್ಯಾಕ್ಟೀರಿಯಾದ ನೀರಿನಲ್ಲಿ ಅದ್ದಿ ಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದಳು. ಆ ಬ್ಯಾಕ್ಟೀರಿಯಾವನ್ನು ನೀಲಿ ಡ್ರಮ್ಮಿನಲ್ಲಿ ಸಕ್ಕರೆ ನೀರುಣಿಸಿ ಮಕ್ಕಳಂತೆ ಸಾಕಿದ್ದಳು. ಡ್ರಮ್ಮು ಗುಳುಗುಳು ನೊರೆಯುಗುಳುತ್ತಿತ್ತು.

“ನೋಡ್ರೀ, ಲವಂಗದ ಎಣ್ಣೆ ಎಲೆ ಮೇಲಿನ ಹೇನಿಗೆ. ಡ್ರಮ್ಮು ಬೇರಿಗೆ. ಬೇರಿಗೆ ಬೇರೆ, ಎಲೆಗೆ ಬೇರೆ. ತಿಳೀತಾ?”

“ಬೇರಿಗೆ ಬೇರೆ! ನಾನೇನು ಚಿಕ್ಕ ಮಗೂನಾ?”

ಆಕೆ ಹೊರಟದ್ದೇ ತಡ, ಮೇಷ್ಟ್ರ ತಲೆ ಓಡತೊಡಗಿತು. ಎರಡೂ ಗಿಡಕ್ಕೆ ಒಳ್ಳೆಯವೇ. ಬೆರೆಸಿದರೆ ಕೆಲಸ ಅರ್ಧ! ಇಷ್ಟು ಸುಲಭದ ಉಪಾಯ ಇವಳಿಗೆ ಹೊಳೆಯಲಿಲ್ಲವಲ್ಲ! ಬಾಟ್ಲಿ ಎತ್ತಿ ಡ್ರಮ್ಮಿಗೆ ಬಗ್ಗಿಸಿಯೇಬಿಟ್ಟರು.

ಸ್ವಲ್ಪ ಹೊತ್ತಿಗೆ ಹೆಡ್‌ಮೇಷ್ಟ್ರು ಬಂದ ತರಗತಿಯಂತೆ ಡ್ರಮ್ಮು ಗಪ್‌ಚುಪ್ಪಾಯಿತು. ನೊರೆ ಮಾಯ! ಮೇಷ್ಟ್ರು ಸೋಲೊಪ್ಪುವ ಆಸಾಮಿಯಲ್ಲ. ಸೌಟಿನಿಂದ ಎಣ್ಣೆ ಬಳಿದು ತೆಗೆದರು, ಪೇಪರು ತೇಲಿಬಿಟ್ಟು ಹೀರಿಸಿದರು, ಇನ್ನಷ್ಟು ಸಕ್ಕರೆ ಸುರಿದು “ಏಳ್ರಪ್ಪಾ, ಏಳಿ” ಎಂದು ಅಂಗಲಾಚಿದರು. ಒಂದೂ ಏಳಲಿಲ್ಲ. ಕೊನೆಗೆ ಸೈನ್ಸ್ ಮೇಷ್ಟ್ರಿಗೆ ಫೋನಾಯಿಸಿದರು.

“ಸಾರ್, ಎಣ್ಣೆ ಹಾಕ್ಬಿಟ್ಟೆ! ಇಡೀ ಬಾಟ್ಲಿ! ಹೆಂಡತಿ ಬರೋದ್ರೊಳಗೆ ಏನಾದ್ರೂ ದಾರಿ ಹೇಳಿ!”

“ನೀವಾ? ಶಿವ ಶಿವಾ! ನಿಂಬೆ ರಸ ಕುಡಿದು ಮುಸುಕು ಹಾಕ್ಕೊಂಡು ಮಲಗಿ ಸಾರ್,” ಎಂದು ಅವರು ಫೋನಿಟ್ಟರು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ, ಕೈಯಲ್ಲಿ ಖಾಲಿ ಲೋಟ. “ಅಳಿಯಂದ್ರೇ,” ಎಂದು ಪಿಸುಗುಟ್ಟಿದರು, “ತಳದಲ್ಲಿ ಒಂಚೂರು ಉಳಿದಿದೆಯಾ?”

ಅಷ್ಟರಲ್ಲಿ ಗೇಟು ಕಿರ್‍ರೆಂದಿತು. ಮಾವನ ಲೋಟ ಬೆನ್ನ ಹಿಂದೆ ಹೋಯಿತು, ದನಿ ಮುಂದೆ ಬಂತು. “ನೋಡಮ್ಮಾ ನಿನ್ನ ಗಂಡನ್ನ! ಎಣ್ಣೆ ಹಾಕಿದ್ದಾರೆ!”

ಮೇಷ್ಟ್ರು ಮಿಂಚಿನ ವೇಗದಲ್ಲಿ ಲೆಕ್ಕ ಹಾಕಿದರು. ಕುಡಿದ ಗಂಡನಿಗೆ ಕ್ಷಮೆ ಸಿಕ್ಕರೂ ಸಿಗಬಹುದು, ಡ್ರಮ್ಮು ಕೊಂದ ಗಂಡನಿಗೆ ಖಂಡಿತ ಇಲ್ಲ! ಜನ್ಮದಲ್ಲಿ ಹನಿ ಮುಟ್ಟದವರು ಗೋಡೆ ಹಿಡಿದು ತೂರಾಡಿದರು.

“ಹೌದು ಕಣೇ, ಹಾಕಿದೀನಿ! ಏನೀಗ?”

ಹೆಂಡತಿ ಹತ್ತಿರ ಬಂದು ಮೂಸಿದಳು. ಅಂಗಿಯೆಲ್ಲ ಲವಂಗ!

“ಎಷ್ಟು?”

“ಇಡೀ ಬಾಟ್ಲಿ...”

ಆಕೆ ನೇರ ಡ್ರಮ್ಮಿಗೆ ಓಡಿದಳು. “ಅಯ್ಯೋ! ಒಂದೆರಡು ಹನಿ ಆಗಿದ್ರೆ ಬ್ಯಾಕ್ಟೀರಿಯಾ ತಡ್ಕೋತಿದ್ವೋ ಏನೋ. ಬಾಟ್ಲಿಗಟ್ಲೆ ಸುರಿದ್ರೆ ಎಣ್ಣೆ ಸೀಗೇಕಾಯಿ ಸಂಬಂಧ ಕಣ್ರೀ!”

ಕಟ್ಟಿದ ಟವೆಲು ತಾನಾಗಿ ಸಡಿಲವಾಯಿತು. ಆಕೆ ಕೊಟ್ಟ ಮಾತು ತನ್ನಿಂದ ಹಾಳಾಯಿತಲ್ಲ ಎಂದು ಮೇಷ್ಟ್ರು ನಿಜಕ್ಕೂ ನೊಂದುಕೊಂಡರು. “ರೈತರ ಕಾಲು ಹಿಡಿದಾದ್ರೂ ನಾನೇ ಕ್ಷಮೆ ಕೇಳ್ಕೋತೀನಿ,” ಎಂದು ಹೊರಟೇಬಿಟ್ಟರು.

“ನಿಲ್ಲಿ.” ಹೆಂಡತಿ ಅಪ್ಪನ ಮಂಚದಡಿಯಿಂದ ಕ್ಯಾನೊಂದನ್ನು ಎಳೆದು ಮುಚ್ಚಳ ತೆಗೆದಳು. ಗುಳುಗುಳು! “ನೀವು ಟವೆಲು ಬಿಗೀತಿದ್ದ ಹಾಗೇ ಅರ್ಧ ತೆಗೆದಿಟ್ಟೆ.”

ಮೇಷ್ಟ್ರಿಗೆ ಜೀವ ಬಂತು, ಜೊತೆಗೇ ಕೋಪವೂ ಬಂತು. “ಅಂದ್ರೆ ನನ್ನ ಮೇಲೆ ನಿಂಗೆ ನಂಬಿಕೇನೇ ಇರ್ಲಿಲ್ವಾ?”

“ಪೂರ್ತಿ ನಂಬಿಕೆ ಇತ್ತು ರೀ. ಅದಕ್ಕೇ ತೆಗೆದಿಟ್ಟಿದ್ದು!”