ದೊಡ್ಡಪ್ಪನ ತಿಥಿಗೆ ಹಾಡಬೇಕಿದ್ದ ಲ್ಯಾಪ್‌ಟಾಪು

ಪುಕ್ಕಟೆ ಸಿಕ್ಕಿದ ಮಜ್ಜಿಗೆಯನ್ನು ಹುಳಿ ಎನ್ನಬಾರದು ಎಂದು ನಂಬಿಕೊಂಡು ಬೆಳೆದವನು ನಾನು. ಹಾಗಾಗಿ ನನ್ನ ಲ್ಯಾಪ್‌ಟಾಪಿನೊಳಗೆ ಕೂತಿರುವ ಮುಕ್ತ ಆಪರೇಟಿಂಗ್ ಸಿಸ್ಟಂ ಬಗ್ಗೆ ದೂರು ಹೇಳಲು ನಾಲಿಗೆ ಏಳುವುದಿಲ್ಲ. ಅದನ್ನು ಕಟ್ಟಿದವರು ಎಲ್ಲೆಲ್ಲೋ ಕೂತು ಸಂಬಳವಿಲ್ಲದೆ ದುಡಿದ ಪುಣ್ಯಾತ್ಮರು. ವೈರಸ್ ಬರುವುದಿಲ್ಲ, ಲೈಸೆನ್ಸ್ ತಗೋ ಎಂದು ಪೀಡಿಸುವುದಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. ಇರುವುದು ಒಂದೇ ಕೊರತೆ. ಅದಕ್ಕೆ ಮಾತು ಬರುವುದಿಲ್ಲ. ಬಂದರೂ ಅದಕ್ಕೆ ಮನಸ್ಸಾದಾಗ ಮಾತ್ರ.

ನಾನು ಮಧುಗಿರಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಈ ವ್ಯವಸ್ಥೆಯನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು, ಪಾವಗಡದ ನರಸಿಂಹಲು. ಹಾಕಿಕೊಟ್ಟ ದಿನವೇ ಸೌಂಡ್ ಬರುತ್ತಿಲ್ಲವಲ್ಲ ಎಂದೆ. ಅವರು ಒಂದು ಕಪ್ಪು ಪರದೆ ತೆರೆದು ತೋರಿಸಿದರು. ಅಲ್ಲಿ ಸಾಲಾಗಿ ಕಂಬಗಳು, ಪ್ರತಿ ಕಂಬದ ಬುಡದಲ್ಲೂ ಎರಡೆರಡು ಇಂಗ್ಲಿಷ್ ಅಕ್ಷರ. ಎರಡು ಎಂ ಇದ್ದರೆ ಬಾಯಿ ಮುಚ್ಚಿದೆ ಎಂದು, ಎರಡು ಓ ಇದ್ದರೆ ತೆರೆದಿದೆ ಎಂದು ತಿಳಿಯಬೇಕಂತೆ. ಎಲ್ಲಾ ಬಾಯಿಗಳನ್ನೂ ತೆರೆದೆವು. ಆದರೂ ಧ್ವನಿ ಯಾವ ದಾರಿಯಲ್ಲಿ ಹೋಗಬೇಕೆಂಬ ಜಾಗದಲ್ಲಿ ಯಂತ್ರ ‘ಡಮ್ಮಿ ಔಟ್‌ಪುಟ್’ ಎಂದು ಬರೆದುಕೊಂಡು ನಿರುಮ್ಮಳವಾಗಿ ಕೂತಿತ್ತು. ಅಂದರೆ ಹಾಡು ಓಡುತ್ತಿದೆ, ಯಾರಿಗೂ ಕೇಳಿಸುತ್ತಿಲ್ಲ. ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಲೋಕದ ಮೂಲೆ ಮೂಲೆಗಳಿಂದ ಸಜ್ಜನರು ಬಂದು, ತಮ್ಮದರಲ್ಲಿ ಚೆನ್ನಾಗೇ ಬರುತ್ತಿದೆ ಎಂದು ತಿಳಿಸಿ ಹೋದರು. ಇಷ್ಟಾದರೂ ನಾನು ಮಾತ್ರ ಸ್ಟಾಫ್ ರೂಮಿನಲ್ಲೂ ಮನೆಯಲ್ಲೂ ಅದನ್ನು ಹೊಗಳಿಕೊಂಡೇ ತಿರುಗಿದೆ. ಹೆಂಡತಿಯ ಎದುರು ಒಮ್ಮೆ ಹೊಗಳಿದ ವಸ್ತುವನ್ನು ಆಮೇಲೆ ತೆಗಳುವುದು ಎಷ್ಟು ಕಷ್ಟ ಎಂಬುದು ಸಂಸಾರಸ್ಥರಿಗೆ ಗೊತ್ತಿರುತ್ತದೆ.

ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ನಡುವೆ ನಮ್ಮ ದೊಡ್ಡಪ್ಪ ಬರದಿದ್ದರೆ. ಕೊಳಾಲದ ಹತ್ತಿರದ ನಮ್ಮೂರಿನಲ್ಲಿ ತಿಥಿಯ ದಿನ ಫೋಟೋ ಮುಂದೆ ಎಡೆ ಇಟ್ಟ ಮೇಲೆ, ಹೋದವರನ್ನು ಕಳಿಸಿಕೊಡುವ ಒಂದು ತತ್ವಪದ ಹಾಡುತ್ತಾರೆ. ಅದು ಮುಗಿಯದೆ ಪಂಕ್ತಿಗೆ ಎಲೆ ಬೀಳುವುದಿಲ್ಲ. ಸುತ್ತಿನ ಊರುಗಳಿಗೆಲ್ಲ ಆ ಪದ ಹಾಡುತ್ತಿದ್ದವರು ನಮ್ಮ ದೊಡ್ಡಪ್ಪ ಒಬ್ಬರೇ. ಜೊತೆಗೆ ತಾಳ ಹಾಕುತ್ತಿದ್ದವರಿಗೆ ಸೊಲ್ಲನ್ನು ಹಿಂದೆ ಹೇಳಿ ಅಭ್ಯಾಸವೇ ಹೊರತು ಮುಂದೆ ನಿಂತು ಹಾಡಿ ಅಲ್ಲ. ತಿಥಿ ಮನೆಯಲ್ಲಿ ಮೊಬೈಲ್ ಎತ್ತಿ ಹಿಡಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಬೇರೆ ಹೊತ್ತಿನಲ್ಲಿ ಹಾಡಿ ಎಂದರೆ ದೊಡ್ಡಪ್ಪ ಒಪ್ಪುತ್ತಿರಲಿಲ್ಲ. ಬದುಕಿರುವವರ ಸೂರಿನಡಿ ಆ ಪದ ಹಾಡಿದರೆ ಮನೆಗೆ ಆಗದು ಎಂಬುದು ಅವರ ನಂಬಿಕೆ.

ನಾನು ಬಿಡಲಿಲ್ಲ. ಕಡೆಗೆ ಒಂದು ಭಾನುವಾರ ಅವರು ಊರಾಚೆಯ ಹುಣಸೆ ಮರದ ಕೆಳಗೆ ಬಂದು ಕೂತರು. ಮೊಬೈಲಿನಲ್ಲೇ ಹಿಡಿಯಬಹುದಿತ್ತು. ಆದರೆ ಅದನ್ನು ಯಾರು ಬೇಕಾದರೂ ಮಾಡುತ್ತಾರೆ, ನನಗೆ ಕ್ವಾಲಿಟಿ ಬೇಕಿತ್ತು, ಲ್ಯಾಪ್‌ಟಾಪನ್ನೇ ಹೊತ್ತು ತಂದಿದ್ದೆ. ಅವರು ಬಾಯಿ ತೆರೆದಾಗಲೆಲ್ಲ ತಡೆದು ಏನೇನೋ ತಿರುವಿದೆ. ಪರದೆಯ ಮೇಲೆ ಗೆರೆ ಕುಣಿಯಿತು. ಸರಿಹೋಯಿತು ಎಂದು ಅಲ್ಲಿಗೇ ಬಿಡಬಹುದಿತ್ತು. ಗಾಳಿಯ ಸದ್ದು ಬೇಡ ಎಂದು ಇನ್ನೊಂದೇ ಒಂದು ಸೆಟ್ಟಿಂಗ್ ಬದಲಿಸಿ, ಈಗ ಹಾಡು ದೊಡ್ಡಪ್ಪ ಎಂದು ನಾನು ಅವರ ಮುಖವನ್ನೇ ನೋಡುತ್ತಾ ಕೂತೆ. ಅವರು ಕಣ್ಣು ಮುಚ್ಚಿ ಇಡೀ ಪದ ಹಾಡಿದರು. ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ಕೇಳಿದರು. ನಾನು ಫೈಲ್ ಉಳಿಸಿ, ಉದ್ದ ಸರಿಯಾಗಿದೆ ಎಂದು ನೋಡಿ ಮುಚ್ಚಿಟ್ಟೆ. ಕೇಳಿ ನೋಡೋಣವೆಂದರೆ ಯಂತ್ರಕ್ಕೆ ಆವತ್ತೂ ಡಮ್ಮಿ ಔಟ್‌ಪುಟ್ಟೇ ಗತಿಯಾಗಿತ್ತು. ಆಮೇಲೆ ಬದುಕಿರುವವರ ಸೂರಿನಡಿ ಆ ಪದ ಹಾಕಲು ಮನಸ್ಸಾಗದೆ ಆ ಫೈಲನ್ನು ಮತ್ತೆ ತೆರೆಯಲಿಲ್ಲ.

ಮುಂದಿನ ಸುಗ್ಗಿಗೆ ದೊಡ್ಡಪ್ಪ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಜಗಲಿಯಲ್ಲಿ ಕೂತವರಿಗೆ ಹೊಳೆದದ್ದು ಒಂದೇ ಪ್ರಶ್ನೆ. ಎಲ್ಲರನ್ನೂ ಹಾಡಿ ಕಳಿಸಿದವರನ್ನು ಈಗ ಹಾಡಿ ಕಳಿಸುವವರು ಯಾರು? ದೊಡ್ಡಮ್ಮ ಗೋಡೆಗೆ ಒರಗಿಕೊಂಡು, “ಬಾಯ್ ಕಟ್ಟಿದಂಗೆ ಹೊಂಟೋಗ್ಬೇಕಾ ಅವರು?” ಎಂದರು. ನನ್ನ ಹತ್ತಿರ ಅವರ ಪದವೇ ಇದೆ, ಅವರ ತಿಥಿಗೆ ಅವರೇ ಹಾಡುತ್ತಾರೆ ಎಂದುಬಿಟ್ಟೆ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. ಆ ಗಳಿಗೆಯಲ್ಲಿ ನಾನು ಊರಿಗೇ ದೊಡ್ಡ ಮನುಷ್ಯನಾಗಿದ್ದೆ.

ತಿಥಿಗೆ ಶಿರಾದಿಂದ ಮೈಕ್ ಸೆಟ್ಟಿನ ಬಾಷಾ ಬಂದು ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ವೈರನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಎಡೆ ಇಟ್ಟಾಯಿತು, ಊದುಬತ್ತಿ ಹೊಗೆಯಾಡಿತು, ಶಾಮಿಯಾನದಡಿ ಜನ ತಲೆ ಬಗ್ಗಿಸಿ ಕೂತರು. ನಾನು ಫೈಲ್ ಒತ್ತಿದೆ. ಪರದೆಯಲ್ಲಿ ಮುಳ್ಳು ಸರಿಯತೊಡಗಿತು, ಹಾರ್ನ್ ಸುಮ್ಮನಿತ್ತು. ಬಾಷಾ ತನ್ನ ವೈರು ಮುಟ್ಟಿ ನೋಡಿ, ನಮ್ಮ ಲೈನು ಬರಾಬರ್ ಇದೆ ಸಾರ್ ಎಂದು ಕೈ ತೊಳೆದುಕೊಂಡ. ಕಪ್ಪು ಪರದೆ ತೆರೆದು ಎಂ ಇದ್ದದ್ದನ್ನೆಲ್ಲ ಓ ಮಾಡಿದೆ. ಮುಚ್ಚಿ ತೆರೆದೆ. ನರಸಿಂಹಲುಗೆ ಫೋನ್ ಮಾಡಿದರೆ, “ನಂದ್ರಾಗೆ ಬರ್ತೈತೆ ಕದಾ ಸಾರ್,” ಎಂದು ತೆಲುಗು ಬೆರೆಸಿ ಅಂದರು. ಒಲೆಯ ಮೇಲೆ ಮುದ್ದೆ ಗಟ್ಟಿಯಾಗುತ್ತಿತ್ತು. ಎಡೆಗೆ ನೊಣ ಕೂರದಂತೆ ದೊಡ್ಡಮ್ಮ ಸೆರಗಿನಿಂದ ಬೀಸುತ್ತಾ ನನ್ನನ್ನೇ ನೋಡುತ್ತಿದ್ದರು. ಆ ನೋಟ ತಡೆಯಲಾರದೆ, ಅವತ್ತು ಹುಣಸೆ ಮರದಡಿ ಪರೀಕ್ಷೆಗೆಂದು ಹಿಡಿದಿದ್ದ ಇನ್ನೊಂದು ಚಿಕ್ಕ ಫೈಲನ್ನು ಒತ್ತಿದೆ.

ಹಾರ್ನ್ ಇಡೀ ಊರಿಗೆ ಕೇಳುವಂತೆ ಬಾಯಿ ಬಿಟ್ಟಿತು. ಮೊದಲು ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ರಾಗ ಎತ್ತಿದ್ದು. ಅದರ ಮೇಲೆಯೇ ನನ್ನ ಗದರಿಕೆ: “ತಡಿ ದೊಡ್ಡಪ್ಪ, ಹಾಡ್ಬೇಡ. ಒಂದ್ನಿಮ್ಷ ಬಾಯ್ಮುಚ್ಕೊಂಡಿರು.” ಆಮೇಲೆ ಅವರ ನಿಧಾನದ ದನಿ: “ಆಗ್ಲಿ ಬುಡ್ಲಾ. ನಿನ್ ಮಿಷನ್ ಯಾವಾಗ ಹೂಂ ಅಂತದೋ ಆವಾಗ್ಲೇ ಹಾಡ್ತೀನಿ.”

ಅಷ್ಟೇ. ಹಾರ್ನಿನಲ್ಲಿ ತೊಂದರೆ ಇರಲಿಲ್ಲ, ಡಮ್ಮಿ ಔಟ್‌ಪುಟ್ಟೂ ಇರಲಿಲ್ಲ. ಪದದ ಫೈಲಿನಲ್ಲೇ ಪದ ಇರಲಿಲ್ಲ. ನಾನು ಕಡೆಯದಾಗಿ ಬದಲಿಸಿದ ಆ ಒಂದು ಸೆಟ್ಟಿಂಗ್ ಮೈಕಿನ ಬಾಯನ್ನೇ ಮುಚ್ಚಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ ಹಾಡಿದ್ದನ್ನೆಲ್ಲ ಯಂತ್ರ ಗಮನವಿಟ್ಟು ಕೇಳಿಸಿಕೊಳ್ಳದೆ ಉಳಿಸಿಟ್ಟುಕೊಂಡಿತ್ತು. ನನಗೆ ಅಲ್ಲೇ ಭೂಮಿಗೆ ಇಳಿದುಹೋಗಬೇಕೆನಿಸಿತು. ದೊಡ್ಡಮ್ಮನೇ ಕಣ್ಣೊರೆಸಿಕೊಂಡು ಎದ್ದು, “ಆಗ್ಲಿ ಬುಡು ಅಂತ ಅವರೇ ಅಂದ್ಬುಟ್ರಲ್ಲ. ಎಲೆ ಹಾಕ್ರಪ್ಪ,” ಎಂದರು. ಊರಿನಲ್ಲಿ ಮೊದಲ ಬಾರಿಗೆ ಪದವಿಲ್ಲದೆ ಎಲೆ ಬಿತ್ತು.

ಈಗಲೂ ಊರಿಗೆ ಹೋದಾಗಲೆಲ್ಲ ದೊಡ್ಡಮ್ಮ ಕಾಫಿ ಕೊಟ್ಟು ಪಕ್ಕದಲ್ಲಿ ಕೂತು, ಅವರ ಮಾತು ಹಾಕು ಎನ್ನುತ್ತಾರೆ. ಗಂಡನ ದನಿ ಎಂದು ಅವರ ಬಳಿ ಇರುವುದು ಅದೊಂದೇ. ಅದನ್ನು ಕೇಳಬೇಕಾದರೆ ನನ್ನ ಗದರಿಕೆಯನ್ನು ದಾಟಿಯೇ ಹೋಗಬೇಕು. ಇವತ್ತಾದರೂ ಸೌಂಡ್ ಬಾರದಿರಲಿ ಎಂದು ದೇವರನ್ನು ನೆನೆದು ಒತ್ತುತ್ತೇನೆ. ಆವತ್ತಿನಿಂದ ಈ ಲ್ಯಾಪ್‌ಟಾಪಿನ ಸೌಂಡ್ ಒಂದು ಸಲವೂ ಕೈಕೊಟ್ಟಿಲ್ಲ.