ಸಾಲು ತಪ್ಪಿದ ಬಿದಿರು

ಭಾನುವಾರ, ಬೆಳಗಿನ ಆರು ಗಂಟೆ. ಸ್ಥಳ, ತಿಪಟೂರಿನ ನಮ್ಮ ಮನೆಯ ಹಿತ್ತಿಲು. ಹಾಜರಿದ್ದವರು ಗುದ್ದಲಿ ಹಿಡಿದ ನಾನು, ಸೊಂಟಕ್ಕೆ ಸೆರಗು ಸಿಕ್ಕಿಸಿದ ನನ್ನ ಹೆಂಡತಿ ಗೌರಮ್ಮ, ಬೇಲಿಯಾಚೆ ಬೇವಿನಕಡ್ಡಿ ಕಚ್ಚಿಕೊಂಡು ನಿಂತ ಪಕ್ಕದ ತೋಟದ ಶಿವಣ್ಣ. ವಿಚಾರಣೆಗೆ ಬಂದಿದ್ದು ಬಿದಿರು. ಬೇಲಿಗೆ ಒತ್ತಿಕೊಂಡಂತಿದ್ದ ಬಟ್ಟೆ ಒಗೆಯುವ ಕಲ್ಲನ್ನು ಅದು ಅಡಿಯಿಂದ ಎತ್ತಿ ವಾಲಿಸಿಬಿಟ್ಟಿತ್ತು.

"ಸಂಜೆಯೊಳಗೆ ಕಲ್ಲು ನೆಟ್ಟಗೆ ಕೂತ್ರೆ ಸರಿ. ಇಲ್ದಿದ್ರೆ ನಿಮ್ಮ ಪಂಚೆ ನೀವೇ ಒಕ್ಕೊಳ್ಳಿ" ಎಂದು ಗೌರಮ್ಮ ತೀರ್ಪು ಕೊಟ್ಟಳು. ದಿನಕ್ಕೊಂದು ಒಗೆದ ಬಿಳಿ ಪಂಚೆಯಿಲ್ಲದೆ ಹೊಸಿಲು ದಾಟದ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ರಸ್ತೆಯಲ್ಲಿ ಹೋಗುವವರಿಗೆಲ್ಲ ಹಿತ್ತಿಲು ಕಾಣುತ್ತದೆ, ಮರೆಗೆ ಬಿದಿರು ಹಾಕೋಣ ಎಂದವನು ನಾನೇ. ಊಟಿಗೆ ಹೋಗಿದ್ದಾಗ ಗಿಡ ಮಾರುವವನು ಎರಡು ಕುಂಡ ತೋರಿಸಿದ. ಒಂದು ಮೆಳೆ ಕಟ್ಟುವ ಜಾತಿ, ನೆಟ್ಟಲ್ಲೇ ಒತ್ತೊತ್ತಾಗಿ ಬೆಳೆಯುತ್ತದೆ. ಇನ್ನೊಂದು ಓಡುವ ಜಾತಿ, ಮಣ್ಣಿನೊಳಗೇ ಬೇರು ಚಾಚಿಕೊಂಡು ಹೋಗಿ ದೂರ ದೂರಕ್ಕೊಂದು ಗಳ ಎಬ್ಬಿಸುತ್ತದೆ. "ಮೆಳೇನೇ ತಗೊಳ್ರೀ, ಇಟ್ಟ ಕಡೆ ಇರುತ್ತೆ" ಎಂದಳು ಗೌರಮ್ಮ. ನನಗೋ ಮೆಳೆ ಎಂದರೆ ಸಂತೆಯ ದಿನದ ಹುಳಿಯಾರು ಬಸ್ಸಿನ ಬಾಗಿಲು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು. ರೈಲ್ವೆಯಲ್ಲಿ ಟಿಕೆಟ್ ಕೊಟ್ಟೇ ತಲೆ ನರೆಸಿದ ನಾನು ಸಾಲಿನಲ್ಲಿ ನಿಲ್ಲದ ಮನುಷ್ಯರನ್ನೇ ಸಹಿಸಿದವನಲ್ಲ, ಗಿಡವನ್ನು ಸಹಿಸುತ್ತೇನೆಯೇ? ಓಡುವುದನ್ನೇ ತಂದೆ. ನೆಟ್ಟಗೆ ದಾರ ಕಟ್ಟಿ, ಅದರ ಸಾಲಿಗೇ ನೆಟ್ಟೆ. ಮೊದಲ ಮಳೆಗೆ ದಾರದ ಗುಂಟ ಗಳಗಳು ಎದ್ದವು. ಮನೆಗೆ ಬಂದವರನ್ನೆಲ್ಲ ಕಾಫಿಗೂ ಮೊದಲು ಹಿತ್ತಿಲಿಗೆ ಕರೆದೊಯ್ದು ತೋರಿಸಿದೆ. ಮರುವರ್ಷ ಬಿದಿರು ದಾರವನ್ನು ಮರೆಯಿತು. ತೆಂಗಿನ ಪಾತಿ, ಬಚ್ಚಲ ಮೋರಿ, ಸೌದೆ ಒಟ್ಟಿದ್ದ ಮೂಲೆ, ಎಲ್ಲ ಕಡೆಯೂ ತಪಾಸಣೆ ನಡೆಸಿ, ಬೇಲಿಯಡಿ ನುಸುಳಿ ಶಿವಣ್ಣನ ತೋಟವನ್ನೂ ಸೇರಿತು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕಡೆಯದನ್ನೆಲ್ಲ ಅಗೆದು ಕಿತ್ತೆ. ಕಲ್ಲಿನ ಕೆಳಗಿನ ಬೇರು ಮಾತ್ರ ಜಗ್ಗಲಿಲ್ಲ, ಅದರ ಹಿಡಿತವೆಲ್ಲ ಬೇಲಿಯಾಚೆ ಇತ್ತು.

"ಶಿವಣ್ಣ, ಆ ಕಡೆ ಸ್ವಲ್ಪ ಅಗೀತೀನಿ" ಎಂದೆ.

"ಆಗಕ್ಕಿಲ್ಲ ಕಣ್ರೀ. ಹೀರೆಬಳ್ಳಿ ಹಬ್ಬಿಸಿವ್ನಿ, ಈಗ ಪಿಂದೆ ಬಿಟ್ಟೈತೆ."

"ಬಿದಿರು ನಮ್ಮದಲ್ಲವೇನಪ್ಪಾ?"

"ನಮ್ಮ ತೆಂಗಿನಮರದ ಕಾಯಿ ನಿಮ್ಮ ಹಿತ್ತಿಲಿಗೆ ಬಿದ್ದಾಗ ಏನಂದ್ರಿ? ಬೇಲಿ ದಾಟಿದ್ದು ಆ ಮನೆಯವರದು, ಕಾನೂನು ಅಂದ್ರೆ ಕಾನೂನು ಅಂತ ನೀವೇ ತಾನೇ ಅಂದಿದ್ದು? ಆ ಕಾಯಿನ ಚಟ್ನಿ ಮಾಡ್ಕೊಂಡು ತಿಂದ್ರಿ. ಈಗ ಬುಡಿ, ಹೀರೆಕಾಯಿ ಮುಗೀಲಿ, ನೋಡೋವ."

ಗೌರಮ್ಮನ ಕಡೆ ನೋಡಿದೆ. "ಚಟ್ನಿ ಚೆನ್ನಾಗಿತ್ತು ಶಿವಣ್ಣ" ಎಂದು ಅವಳು ನಕ್ಕು ಒಳಗೆ ಹೋದಳು.

ಸಂಜೆ ದೀಪ ಹಚ್ಚುವ ಮೊದಲು, ವಾಲಿದ ಕಲ್ಲಿಗೆ ಸರಿಯಾಗಿ ನಾನೂ ವಾಲಿಕೊಂಡು ನನ್ನ ಪಂಚೆ ಒಗೆದೆ. ಹಿಂಡಿ, ಅಂಚಿಗೆ ಅಂಚು ಕೂಡಿಸಿ, ಒಂದಿಷ್ಟೂ ಸೊಟ್ಟಗಾಗದಂತೆ ಹಗ್ಗಕ್ಕೆ ಹರವಿದೆ. ಬೇಲಿಯಾಚೆಯಿಂದ ಶಿವಣ್ಣ, "ಸಾಲು ಪಸಂದಾಗೈತೆ ಕಣ್ರೀ" ಎಂದ.